ಹೊಳಿನಾಡಿನ ಹನ್ನೊಂದು ತಿಂಗಳು

ಮಿರಜಿಗೆ ಹೋಗುವ ಬಸ್ಸಿನಲ್ಲಿ ನಮ್ಮ ಮನೆಯ ಊಟದ ಡಬ್ಬಿ ದಿನಾ ಹೋಗಿ ದಿನಾ ತಿರುಗಿ ಬರುತ್ತಿದ್ದ ಚಳಿಗಾಲ ಅದು. ನಮ್ಮೂರು ಕಾಗವಾಡ ಆಗಿನ್ನೂ ತಾಲ್ಲೂಕು ಆಗಿರಲಿಲ್ಲ. ಮೊಬೈಲು ಊರಿನ ಕೆಲವರ ಕಿಸೆಗಷ್ಟೇ ಬಂದಿತ್ತು; ನಮ್ಮ ಪಡಸಾಲೆಯ ಗೂಡಿನಲ್ಲಿ ಕೂತ ಕೆಂಪು ಫೋನು ಇಡೀ ಓಣಿಯ ಸುಖದುಃಖಕ್ಕೆ ಸಾಕಾಗುತ್ತಿತ್ತು. ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯಲು ಹಿಡಿದವೆಂದರೆ ಸಂಜೆಯ ಗಾಳಿಯಲ್ಲಿ ಕಾಕಂಬಿಯ ವಾಸನೆ ತೇಲಿಕೊಂಡು ಬರುತ್ತಿತ್ತು. ದ್ರಾಕ್ಷಿ ತೋಟದಲ್ಲಿ ಕಾಯಿ ಇನ್ನೂ ಬಟಾಣಿಯಷ್ಟಿರುತ್ತಿದ್ದವು. ನಾನಾಗ ಏಳನೆಯ ಇಯತ್ತೆ.

ಆ ಚಳಿಗಾಲದಲ್ಲಿ ಕೇತಕಿ ನಮ್ಮ ಮನೆಗೆ ಬಂದಳು. ಅವಳು ನನ್ನ ಅತ್ತಿಯ ಮಗಳು. ಅತ್ತಿ, ಅಂದರೆ ಅಪ್ಪನ ತಂಗಿ, ನಿಪ್ಪಾಣಿಗೆ ಲಗ್ನವಾಗಿ ಹೋದವಳು. ಅವಳ ಗಂಡ, ನಮ್ಮ ಮಾಮಾ, ಅಲ್ಲಿನ ಒಂದು ತಂಬಾಕಿನ ವಖಾರಿಯಲ್ಲಿ ಗುಮಾಸ್ತ. ದೀಪಾವಳಿ ಮುಗಿದ ಮೇಲೆ ಅತ್ತಿಯ ಹೊಟ್ಟೆನೋವು ಹೆಚ್ಚಾಗಿ, ಒಳಗೆ ಗಡ್ಡೆಯಾಗಿದೆ ಎಂದು ತಿಳಿದು, ಮಿರಜಿನ ಆಸ್ಪತ್ರೆಗೆ ಸೇರಿಸಿದ್ದರು. ಅವಳಿಗೆ ರಕ್ತ ಬಹಳ ಕಡಿಮೆ, ಮೊದಲು ಅದು ತುಂಬಬೇಕು, ಆಮೇಲೆ ಆಪರೇಶನ್ ಎಂದು ಡಾಕ್ಟರು ಹೇಳಿದ್ದರಂತೆ. ನಿಪ್ಪಾಣಿಯಿಂದ ಮಿರಜು ದೂರ. ನಮ್ಮೂರಿನಿಂದ ಬಸ್ಸು ಹತ್ತಿದರೆ ಕೂತ ಸೀಟು ಬೆಚ್ಚಗಾಗುವಷ್ಟರಲ್ಲಿ ಮಿರಜು. ಹಾಗಾಗಿ ಮಾಮಾ ಶಾಲೆ ಬಿಡಿಸಿ ಮಗಳನ್ನು ನಮ್ಮಲ್ಲಿ ಬಿಟ್ಟ. ಅವ್ವ ಅಡಿಗೆ ಮಾಡಿ ಡಬ್ಬಿ ಕಟ್ಟುತ್ತಿದ್ದಳು. ಅದನ್ನು ಒಯ್ದು ಆಸ್ಪತ್ರೆಗೆ ಮುಟ್ಟಿಸುವವರು ಕಾಂಬಳೆ ಕಾಕಾ, ಮಿರಜು ಬಸ್ಸಿನ ಕಂಡಕ್ಟರು. ಅವರ ಮಗಳು ಸುಜಾತಾ ನನ್ನ ವರ್ಗದವಳು, ನನ್ನ ಜೀವದ ಗೆಳತಿ.

ಕೇತಕಿ ನನಗಿಂತ ಎರಡು ವರ್ಷ ದೊಡ್ಡವಳು. ಬಂದ ಹೊಸದರಲ್ಲಿ ಅವಳು ಮಾತೇ ಆಡುತ್ತಿರಲಿಲ್ಲ. ಆಡಿದರೂ ಅರ್ಧ ಮರಾಠಿ, ಅರ್ಧ ಕನ್ನಡ. ಡಬ್ಬಿ ತಿರುಗಿ ಬಂದ ಕೂಡಲೇ ಅದನ್ನು ತೆಗೆದು ತಾಯಿ ಎಷ್ಟು ಉಂಡಿದ್ದಾಳೆ, ಎಷ್ಟು ಬಿಟ್ಟಿದ್ದಾಳೆ ನೋಡುತ್ತಿದ್ದಳು. ಆಸ್ಪತ್ರೆಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ತಾಯಿಯ ಸುದ್ದಿ ಅವಳಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಆ ಉಳಿದ ರೊಟ್ಟಿಯ ಚೂರುಗಳಿಂದಲೇ.

ಒಂದು ರವಿವಾರ ಮಧ್ಯಾಹ್ನ ನಾನೂ ಸುಜಾತಾಳೂ ಮಣೂಕ ಇಡುವ ಕೋಣೆಯಲ್ಲಿ ಆಡುತ್ತಿದ್ದೆವು. ದ್ರಾಕ್ಷಿಯ ಸುಗ್ಗಿ ಮುಗಿದು ಒಣಗಿಸಿದ ಮಣೂಕದ ಪೆಟ್ಟಿಗೆಗಳು ಬರುವವರೆಗೆ ಆ ಕೋಣೆ ಖಾಲಿ. ಹೋದ ವರ್ಷದ ಹುಳಿಸಿಹಿ ವಾಸನೆ ಮಾತ್ರ ಗೋಡೆಯಲ್ಲಿ ಉಳಿದಿರುತ್ತಿತ್ತು. ಕೇತಕಿ ಬಾಗಿಲಲ್ಲಿ ನಿಂತು ನಮ್ಮ ಕವಡೆಯಾಟ ನೋಡಿದಳು. ನೋಡಿ ನೋಡಿ, ತನ್ನ ಚೀಲದಿಂದ ಒಂದು ದಾಳ ತಂದು ನೆಲಕ್ಕಿಟ್ಟಳು. ನೀಲಿ ಬಣ್ಣದ್ದು, ಒಳಗೆ ಹೊಗೆ ತುಂಬಿದಂತೆ ಕಾಣುವಂಥದ್ದು, ಇಪ್ಪತ್ತು ಮುಖದ್ದು. ಅಂಥ ದಾಳವನ್ನು ನಾವು ಕಂಡೇ ಇರಲಿಲ್ಲ. ಅವಳ ನೆರೆಮನೆಯ ಅಣ್ಣನೊಬ್ಬ ಪುಣೆಯಲ್ಲಿ ಓದುತ್ತಿದ್ದನಂತೆ. ರಜೆಗೆ ಬಂದಾಗ ಅವನು ಅಲ್ಲಿ ಕಲಿತ ಆಟವನ್ನು ಇವಳಿಗೆ ಕಲಿಸಿ, ಹೋಗುವಾಗ ದಾಳ ಕೊಟ್ಟು ಹೋಗಿದ್ದ.

ಆ ಆಟಕ್ಕೆ ಮನೆ ಇಲ್ಲ, ಕಾಯಿ ಇಲ್ಲ. ಒಬ್ಬರು ಒಂದು ನಾಡು ಕಟ್ಟಿ ಕಥೆ ಹೇಳಬೇಕು. ಉಳಿದವರು ಆ ಕಥೆಯೊಳಗಿನ ಮಂದಿ ಆಗಬೇಕು. ‘ನಾನು ಬಾಗಲಾ ಒಡೀತೀನಿ’ ಅಂದರೆ ಆಗಲಿಲ್ಲ, ಒಡೆಯಿತೋ ಇಲ್ಲವೋ ದಾಳ ಹೇಳಬೇಕು. ಬಾಗಿಲ ಹೊರಗೆ ಅಗಸಿ ಕಾಳು ಆರಿಸುತ್ತ ಕೂತ ಆಯಿ, ನಮ್ಮ ಅಜ್ಜಿ, ಎಲ್ಲ ಕೇಳಿಸಿಕೊಂಡಳು.

“ಅಂದ್ರ ಕಥಿ ಹೇಳೋದು. ಕಥಿಗೆ ದಾಳ ಯಾಕ ಬೇಕ ಬೇ?”

“ಹೇಳೋರು ತಮಗ ಬೇಕಾದಂಗ ಮುಗಸಬಾರ್ದು ಅಂತ, ಆಯಿ,” ಅಂದಳು ಕೇತಕಿ.

ಅದೂ ಖರೇ ಅಂದಳು ಆಯಿ. ಕೇತಕಿ ನಮ್ಮ ಮನೆಯಲ್ಲಿ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ನಾಡಿಗೆ ಹೊಳಿನಾಡು ಎಂದು ಹೆಸರಿಟ್ಟೆವು. ಅಲ್ಲಿ ಒಂದು ದೊಡ್ಡ ಹೊಳೆ. ಧೂಮಗಡ ಎಂಬ ಕೋಟೆಯಲ್ಲಿರುವ ಮುಸುಕರಾಜ ಆ ಹೊಳೆಯ ದನಿಯನ್ನು ಕದ್ದೊಯ್ದಿದ್ದಾನೆ. ಈಗ ಹೊಳೆ ಹರಿಯುತ್ತದೆ, ಆದರೆ ಸಪ್ಪಳವಿಲ್ಲ. ಆ ದನಿಯನ್ನು ನಾವು ತಿರುಗಿ ತರಬೇಕು. ನಾನು ಹಕ್ಕಿಗಳ ಭಾಷೆ ಬಲ್ಲ ಹುಡುಗಿಯಾದೆ. ಸುಜಾತಾ ನಾವೆ ನಡೆಸುವವಳಾದಳು. ಹೆಗಲಿಗೆ ಚರ್ಮದ ಚೀಲ, ಕೊರಳಿಗೆ ಸೀಟಿ ಬೇಕೇ ಬೇಕು ಎಂದು ಹಟ ಹಿಡಿದಳು. ಮುಸುಕರಾಜ, ಅವನ ದಂಡು, ಊರಿನ ಮುದುಕರು, ಹೊಳೆಯ ಮೊಸಳೆ, ಎಲ್ಲವೂ ಕೇತಕಿಯೇ. ಮೊಸಳೆಯಾದಾಗ ಅವಳು ಮರಾಠಿಯಲ್ಲಿ ಮಾತಾಡುತ್ತಿದ್ದಳು, ನಮಗೆ ನಗು ತಡೆಯುತ್ತಿರಲಿಲ್ಲ.

ಶಾಲೆ ಬಿಟ್ಟು ಬಂದು, ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಕೈಯಲ್ಲಿ ಹಿಡಿದೇ ಕೋಣೆ ಸೇರುತ್ತಿದ್ದೆವು. ಆಟ ಹಿಡಿದು ಕೆಲವು ದಿನಗಳಾದ ಮೇಲೆ ಸುಜಾತಾ ಒಂದು ಪ್ರಶ್ನೆ ಎತ್ತಿದಳು. ಕಂಡಕ್ಟರನ ಮಗಳು, ಅವಳ ಮನೆಯಲ್ಲಿ ವಾರ, ತಾರೀಖು, ಟೈಮು ಬಿಟ್ಟು ಬೇರೆ ಮಾತೇ ಇರುತ್ತಿರಲಿಲ್ಲ. ಮುಸುಕರಾಜನ ದೂತ ಬಂದು, ಅಮಾವಾಸ್ಯೆಗೆ ನಮ್ಮ ರಾಜ ಬರುತ್ತಾನೆ ಎಂದು ಸಾರಿ ಹೋಗಿದ್ದ. ಸುಜಾತಾ ಕೇಳಿದ್ದು, ಇವತ್ತು ಅಲ್ಲಿ ತಾರೀಖು ಎಷ್ಟು ಎಂದು.

ಕೇತಕಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡಳು. ಮರುದಿನವೇ ನಾವು ಹೊಳಿನಾಡಿನ ಕ್ಯಾಲೆಂಡರ್ ಮಾಡಲು ಕೂತೆವು.

ಗೊಬ್ಬರದ ಅಂಗಡಿಯವರು ಕೊಟ್ಟ ಹಳೆಯ ಕ್ಯಾಲೆಂಡರಿನ ದೊಡ್ಡ ಹಾಳೆಯೊಂದನ್ನು ಅವ್ವ ಕೊಟ್ಟಳು. ಮುಂದೆ ಟ್ರ್ಯಾಕ್ಟರಿನ ಚಿತ್ರ, ಹಿಂದೆ ಖಾಲಿ. ಕೇತಕಿಗೆ ಹತ್ತು ತಿಂಗಳು ಸಾಕಿತ್ತು, ನನಗೆ ಹನ್ನೆರಡು ಬೇಕಿತ್ತು. ಸುಜಾತಾ ಫೂಟಪಟ್ಟಿ ಹಿಡಿದು ಮನೆ ಕೊರೆದಳು. ಹಾಳೆಯ ಮೇಲೆ ಹನ್ನೊಂದೇ ಹಿಡಿದವು. ಹಾಗಾಗಿ ಹೊಳಿನಾಡಿನಲ್ಲಿ ವರ್ಷಕ್ಕೆ ಹನ್ನೊಂದು ತಿಂಗಳಾಯಿತು.

ಹೆಸರಿಡುವುದರಲ್ಲಿ ನಮಗಿದ್ದ ಸುಖ ಇಷ್ಟಿಷ್ಟಲ್ಲ. ಚೈತ್ರ ವೈಶಾಖ ಬೇಡ, ಜನವರಿ ಫೆಬ್ರುವರಿಯೂ ಬೇಡ ಎಂದು ಮೊದಲೇ ಠರಾವು ಮಾಡಿದ್ದೆವು. ಮಣ್ಣಿನ ವಾಸನೆ ಏಳುವ ತಿಂಗಳು ‘ಮೊದಲಹನಿ’. ಹೊಳೆ ದಂಡೆ ಮೀರಿ ಗದ್ದೆಗೆ ಬರುವುದು ‘ಹೊಳಿಯೇರು’. ಕಾರ್ಖಾನೆಯ ವಾಸನೆ ಬರುವ ಕಾಲಕ್ಕೆ ನಾನು ‘ಸಕ್ಕರಿಗಾಳಿ’ ಎಂದು ಇಟ್ಟೆ. ನಿಪ್ಪಾಣಿಯಲ್ಲಿ ತಂಬಾಕು ಬಡಿಯುವ ದಿನಗಳಲ್ಲಿ ಬೀದಿಯಲ್ಲಿ ಹೋಗುವವರೆಲ್ಲ ಸೀನುತ್ತಾರೆ ಎಂದು ಕೇತಕಿ ಹೇಳಿದಳು. ಆ ತಿಂಗಳು ‘ಸೀನು’. ಸೀನು ತಿಂಗಳಲ್ಲಿ ಹುಟ್ಟಿದವರು ಬಲು ಧೈರ್ಯದವರು ಎಂದು ಅವಳೇ ಸೇರಿಸಿದಳು, ತಾನೂ ಆಗಲೇ ಹುಟ್ಟಿದ್ದಳಂತೆ.

ಹೊಳಿನಾಡಿಗೆ ಎರಡು ಚಂದ್ರ. ದೊಡ್ಡದು ‘ಅಕ್ಕ’, ನಿಧಾನ ನಡೆಯುವವಳು. ಸಣ್ಣದು ‘ತಂಗಿ’, ಓಡೋಡಿ ಬರುವವಳು. ಅಕ್ಕನನ್ನು ಬಳೆ ಇಟ್ಟು ಗೀಚಿದೆವು, ತಂಗಿಯನ್ನು ಎಂಟಾಣೆ ಇಟ್ಟು. ಹುಣ್ಣಿಮೆಗೆ ಅರಿಷಿಣ ತುಂಬಿದೆವು, ಅಮಾವಾಸ್ಯೆಗೆ ದೀಪದ ಕಾಡಿಗೆ. ಇಬ್ಬರ ಸುತ್ತನ್ನೂ ಸುಜಾತಾ ಲೆಕ್ಕ ಹಾಕಿದಳು. ಎಷ್ಟು ತಿದ್ದಿದರೂ ವರ್ಷದ ಕೊನೆಗೆ ಕೆಲವು ದಿನ ಮಿಕ್ಕವು. ಅವನ್ನು ಯಾವ ತಿಂಗಳಿಗೂ ಸೇರಿಸದೆ ‘ಉಳಿಕೆ’ ಎಂದು ಬಿಟ್ಟೆವು. ಆ ದಿನಗಳಲ್ಲಿ ಹೊಳಿನಾಡಿನಲ್ಲಿ ಯಾರೂ ಯಾರ ಮಾತನ್ನೂ ಕೇಳಬೇಕಾಗಿಲ್ಲ.

ಮನೆಯವರೆಲ್ಲ ಬರುತ್ತ ಹೋಗುತ್ತ ಒಂದೊಂದು ಬೇಡಿಕೆ ಇಟ್ಟರು. ಸುಜಾತಾಳ ಮನೆಯವರು ಬೌದ್ಧರು. ಅಕ್ಕಹುಣ್ಣಿಮೆಗೆ ಎಲ್ಲರೂ ಬಿಳಿ ಬಟ್ಟೆ ಹಾಕಿ ಖೀರು ಹಂಚಬೇಕು ಎಂದಳು, ಬರೆದುಕೊಂಡೆವು. ಅಪ್ಪ ದ್ರಾಕ್ಷಿ ಹಣ್ಣಾಗುವಾಗ ಮಳೆ ಬರಬಾರದು ಎಂದ, ಅದನ್ನೂ ಬರೆದೆವು. ಅವ್ವ ಕಸ ಹೊಡೆಯುತ್ತ ಬಂದವಳು ಕಸಬರಿಗೆ ಹಿಡಿದೇ ನಿಂತು, ವಾರಕ್ಕೊಂದು ದಿನ ಒಲೆ ಹಚ್ಚಬಾರದೆಂಬ ಪದ್ಧತಿ ಹಾಕುತ್ತೀರಾ ಎಂದು ಕೇಳಿದಳು. ‘ಒಲಿಬಿಡುವು’ ಎಂಬ ವಾರ ಹಾಗೆ ಹುಟ್ಟಿತು. ಆ ದಿನ ಹೊಳಿನಾಡಿನ ಮಂದಿ ಏನು ಉಣ್ಣುತ್ತಾರೆ ಎಂದು ಅಪ್ಪ ಕೇಳಿದ್ದಕ್ಕೆ, ಗಂಡಸರನ್ನ ಕೇಳ್ರಿ ಎಂದು ಅವ್ವ ಒಳಗೆ ಹೋದಳು.

ಒಂದು ನಿಯಮವನ್ನು ಮಾತ್ರ ಕೇತಕಿ ಯಾರನ್ನೂ ಕೇಳದೆ ತಾನೇ ಬರೆದಳು. ಅಕ್ಕ ತಂಗಿ ಇಬ್ಬರೂ ಒಟ್ಟಿಗೆ ಕಾಣದ ದಿನ ಜೋಡಿ ಅಮಾಸಿ. ಆ ದಿನ ಮುಸುಕರಾಜನ ಬಲ ಹೆಚ್ಚು. ದಾಳದಲ್ಲಿ ಹದಿನೈದಕ್ಕಿಂತ ಮೇಲೆ ಬಿದ್ದರಷ್ಟೇ ನಮ್ಮ ಕೆಲಸ ಆಗುವುದು. ಅವಳ ನಿಪ್ಪಾಣಿಯ ಅಜ್ಜಿ ಅಮಾವಾಸ್ಯೆಗೆ ಯಾವ ಕೆಲಸವನ್ನೂ ಹಿಡಿಯುವವಳಲ್ಲ. ಪ್ರಯಾಣ ಇಲ್ಲ, ಹೊಸ ಬಟ್ಟೆ ಇಲ್ಲ. ಅದನ್ನು ನೋಡುತ್ತ ಬೆಳೆದವಳಿಗೆ ಅದು ಸಹಜವಾಗಿಯೇ ಬಂದಿತ್ತು.

ನಮ್ಮ ಆಟ ಆ ಜೋಡಿ ಅಮಾಸಿಯ ಹಿಂದಿನ ದಿನಕ್ಕೆ ಬಂದು ನಿಂತಿತ್ತು. ನಾವು ಧೂಮಗಡದ ಎದುರಿನ ದಂಡೆಗೆ ತಲುಪಿದ್ದೆವು. ಅದೇ ಸಂಜೆ ಮಾಮಾ ಮಿರಜಿನಿಂದ ಬಂದ. ಕಾಲು ತೊಳೆದು ಕೂತು, ಆಪರೇಶನ್ನಿನ ದಿನ ಗೊತ್ತಾಗಿದೆ ಎಂದ. ಆಯಿ ಗೋಡೆಯ ಪಂಚಾಂಗ ನೋಡಿದಳು. ಅದು ಎಳ್ಳ ಅಮಾವಾಸ್ಯೆಯ ದಿನ.

ಮರುದಿನ ಬೆಳಿಗ್ಗೆ ಕೆಂಪು ಫೋನು ಹೊಡೆದುಕೊಳ್ಳಲು ಶುರುವಾಯಿತು. ನಿಪ್ಪಾಣಿಯ ಅಜ್ಜಿ ಅಮಾವಾಸ್ಯೆಗೆ ಸೊಸೆಯ ಹೊಟ್ಟೆಗೆ ಕತ್ತಿ ಹಾಕಿಸಬೇಡಿ ಎಂದು ಅಳುತ್ತಿದ್ದಳು. ಈ ದಿನ ಬಿಟ್ಟರೆ ಡಾಕ್ಟರು ಊರಿಗೆ ಹೋಗುತ್ತಾರೆ, ಮುಂದಿನ ಪಾಳಿ ಬಹಳ ದೂರ ಎಂದು ಮಾಮಾ ಹೇಳಿದ. ಅಷ್ಟು ದಿನ ತಡೆಯುವುದು ಒಳ್ಳೆಯದಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಪ್ಪ ಒಂದು ಮಾತು, ಮಾಮಾ ಒಂದು ಮಾತು. ಆಯಿ ಮಾತ್ರ ಸುಮ್ಮನೆ ಕೂತಿದ್ದಳು. ಅತ್ತಿ ಅವಳಿಗೆ ಮಗಳು, ಆ ಮನೆಗೆ ಸೊಸೆ. ಯಾವ ಕಡೆ ಹೇಳಿದರೂ ನಾಳೆ ತನ್ನ ತಲೆಗೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ನಾನು ಕೋಣೆಗೆ ಹೋದಾಗ ಗೋಡೆಯ ಮೇಲೆ ನಮ್ಮ ಕ್ಯಾಲೆಂಡರ್ ಇರಲಿಲ್ಲ. ಕೇತಕಿ ಅದನ್ನು ಸುತ್ತಿ ಟ್ರಂಕಿನ ಹಿಂದೆ ಇಟ್ಟಿದ್ದಳು. ಸುಜಾತಾ ಬಂದು ಎಲ್ಲಿ ಎಂದು ಕೇಳಿದಾಗ, ಆಟ ಮುಗಿಯಿತು ಎಂದಳು. ಇನ್ನು ಬರುವುದು ಜೋಡಿ ಅಮಾಸಿ, ಅದನ್ನು ಆಡಿದರೆ ಸೋಲುತ್ತೇವೆ. ಆಡುವುದೇ ಬೇಡ.

“ಕ್ಯಾಲೆಂಡರ್ ಮಾಡಿದವರು ನಾವ. ಆ ದಿನಾ ತಗದ ಬಿಡೂಣು,” ಅಂದೆ ನಾನು. ನನಗೆ ಬೇರೇನೂ ಹೊಳೆಯಲಿಲ್ಲ.

“ನಿಯಮ ತಗದ್ರ ಅದು ಆಟ ಅಲ್ಲ, ಗಿರಿಜಾ. ಸುಳ್ಳ ಆಗ್ತೈತಿ.”

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆಗ ಸುಜಾತಾ, ತನ್ನ ಎಂದಿನ ಲೆಕ್ಕದ ದನಿಯಲ್ಲಿ ಹೇಳಿದಳು: “ನಿಯಮ ಇರ್ಲಿ. ನಮ್ಮ ಮನ್ಯಾಗ ಅಮಾಸಿ ನೋಡಂಗಿಲ್ಲ. ಅಪ್ಪ ಅಮಾಸಿ ದಿನಾನೂ ಡ್ಯೂಟಿಗೆ ಹೋಗ್ತಾನ. ಬಸ್ಸು ಹೋಗ್ತೈತಿ, ಬರ್ತೈತಿ. ಹದಿನೈದರ ಮ್ಯಾಲ ಐದು ಮುಖಾ ಅದಾವಲ್ಲ, ಅವು ಏನ ಸುಮ್ನ ಅದಾವೇನು?”

ಕೇತಕಿ ಹಾಳೆ ಹೊರಗೆ ತೆಗೆಯಲಿಲ್ಲ. ಸುಜಾತಾಳೂ ಮುಂದೆ ಒತ್ತಾಯ ಮಾಡಲಿಲ್ಲ. ಆ ದಿನ ನಾವು ಮೂವರೂ ಕವಡೆ ಆಡಿದೆವು, ಯಾರಿಗೂ ಮನಸ್ಸಿರಲಿಲ್ಲ.

ತೀರ್ಮಾನ ಬಂದದ್ದು ಡಬ್ಬಿಯ ಜೊತೆಗೆ. ಕಾಂಬಳೆ ಕಾಕಾ ಸಂಜೆ ಡಬ್ಬಿ ತಿರುಗಿ ಕೊಡಲು ಬಂದವರು ಎಂದಿನಂತೆ ಕಟ್ಟೆಯ ಬಳಿಯಿಂದಲೇ ಹೋಗಲಿಲ್ಲ. ಆಯಿಯನ್ನು ಕರೆಯಿರಿ, ಒಂದು ಮಾತು ಹೇಳಬೇಕು ಎಂದರು. ಆಯಿ ಬಂದಳು, ಅವಳ ಹಿಂದೆ ನಾವೆಲ್ಲ.

“ಆಸ್ಪತ್ರ್ಯಾಗಿನ ಅಕ್ಕಾರು ಹೇಳಿ ಕಳಸ್ಯಾರ್ರಿ ಅವ್ವಾರ. ಹೆಂಗ ಹೇಳ್ಯಾರೋ ಹಂಗ ಹೇಳ್ತೀನಿ. ‘ಅವ್ವಗ ಹೇಳ್ರಿ, ನನಗ ಅಮಾಸಿ ನಡೀತೈತಿ. ಈ ನೋವು ನಡ್ಯಾಂಗಿಲ್ಲ.’”

ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ನೇರ ಒಳಗೆ ಬಂದು, ಯಾವತ್ತೂ ತಾನಾಗಿ ಫೋನು ಮುಟ್ಟದವಳು, ನನ್ನ ಕೈಯಿಂದ ನಿಪ್ಪಾಣಿಗೆ ನಂಬರು ಒತ್ತಿಸಿದಳು. ಅವಳ ಮರಾಠಿ ಅಷ್ಟಕ್ಕಷ್ಟೇ. ಆ ಮುದುಕಿಯ ಕನ್ನಡವೂ ಅಷ್ಟಕ್ಕಷ್ಟೇ. ಆದರೂ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಆಯಿ ಹೇಳಿದ್ದು ಇಷ್ಟು: ಎಳ್ಳ ಅಮಾಸಿಗೆ ನಾವು ಇಡೀ ಮನೆಯವರು ಹೊಲಕ್ಕೆ ಹೋಗಿ ಭೂತಾಯಿಗೆ ಉಣ್ಣಿಸುತ್ತೇವೆ, ಅವಳೆದುರು ಕೂತು ನಾವೂ ಉಣ್ಣುತ್ತೇವೆ, ನಮ್ಮ ಕಡೆ ಅದು ಹಬ್ಬ. ನೀವು ನಿಮ್ಮ ದೇವರ ಮುಂದೆ ದೀಪ ಹಚ್ಚಿರಿ, ನಾನು ನನ್ನ ಹೊಲದಲ್ಲಿ ಚರಗ ಚೆಲ್ಲುತ್ತೇನೆ. ಹುಡುಗಿ ಇಬ್ಬರ ಕೈಯಲ್ಲೂ ಇರಲಿ. ಕೊನೆಗೆ ಆ ಕಡೆಯಿಂದ ಏನು ಬಂತೋ ನಮಗೆ ಕೇಳಿಸಲಿಲ್ಲ. ಆಯಿ ಹೂಂ, ಹೂಂ ಅನ್ನುತ್ತ ಫೋನು ಇಟ್ಟಳು.

ಅಮಾವಾಸ್ಯೆಯ ದಿನ ಮನೆಯಲ್ಲಿ ಕೋಳಿ ಕೂಗುವ ಮೊದಲೇ ಒಲೆ ಹತ್ತಿತು. ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಅವ್ವ ಎಲ್ಲ ಮಾಡಿಟ್ಟು ಅಪ್ಪನ ಜೊತೆ ಮೊದಲ ಬಸ್ಸಿಗೆ ಮಿರಜಿಗೆ ಹೋದಳು. ಮಾಮಾ ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದ. ನಾವು ಆಯಿಯ ಜೊತೆ ಬುಟ್ಟಿ ಹೊತ್ತು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊರಟೆವು. ಸುಜಾತಾಳೂ ಬಂದಳು. ಆ ವರ್ಷ ದ್ರಾಕ್ಷಿ ತೋಟದ ಪಕ್ಕದ ತುಂಡಿನಲ್ಲಿ ಬಿಳಿಜೋಳ ಬಿತ್ತಿದ್ದೆವು, ತೆನೆ ಹಾಲುಗಾಳಾಗಿತ್ತು. ಆಯಿ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿದಳು. ಕಡುಬು ಪಲ್ಯ ಕಲಸಿದ ಚರಗವನ್ನು ನಾವು ಸಾಲಿನಿಂದ ಸಾಲಿಗೆ ಚೆಲ್ಲುತ್ತ ಹೋದೆವು. ಕೇತಕಿಗೆ ಇದು ಹೊಸದು. ಅವಳು ಒಂದೊಂದು ಹಿಡಿಯನ್ನೂ ಯಾರದೋ ತಟ್ಟೆಗೆ ಬಡಿಸುವಂತೆ ಬಗ್ಗಿ ಬಗ್ಗಿ ಹಾಕುತ್ತಿದ್ದಳು.

ಉಂಡಾದ ಮೇಲೆ ಆಯಿ ಕಂಬಳಿಯ ಮೇಲೆ ಅಡ್ಡಾದಳು. ನಿದ್ದೆ ಬಂದಿರಲಿಲ್ಲ, ಕಣ್ಣು ಮಿರಜಿನ ರಸ್ತೆಯ ಕಡೆಗೇ ಇದ್ದವು. ಅಷ್ಟರಲ್ಲಿ ಕೇತಕಿ ಬುಟ್ಟಿಯ ಬಟ್ಟೆ ಎತ್ತಿ, ಅಡಿಯಿಂದ ಸುತ್ತಿದ ಹಾಳೆ ತೆಗೆದಳು. ಬೆಳಿಗ್ಗೆ ಯಾರಿಗೂ ಹೇಳದೆ ತಂದಿದ್ದಳು. ಹಾಳೆ ಬಿಚ್ಚಿ ನಾಲ್ಕು ಮೂಲೆಗೆ ನಾಲ್ಕು ಹೆಂಟೆ ಇಟ್ಟು, “ಇವತ್ತ ಆಡೂಣು,” ಅಂದಳು.

ಹೊಳಿನಾಡಿನ ಜೋಡಿ ಅಮಾಸಿ ಹೀಗೆ ಶುರುವಾಯಿತು. ಆಕಾಶದಲ್ಲಿ ಅಕ್ಕ ಇಲ್ಲ, ತಂಗಿ ಇಲ್ಲ. ಸಪ್ಪಳವಿಲ್ಲದ ಹೊಳೆ ದಾಟಬೇಕು. ಸುಜಾತಾ ನಾವೆ ಬಿಟ್ಟಳು, ದಾಳ ಹಾಕಿದಳು. ಒಂಬತ್ತು. ನಾವೆ ಬಂಡೆಗೆ ಬಡಿದು ಸೀಳಿತು. ನಾನು ಹಕ್ಕಿಗಳನ್ನು ಕೂಗಿದೆ. ಹನ್ನೊಂದು. ಕತ್ತಲಲ್ಲಿ ಒಂದು ಹಕ್ಕಿಯೂ ಓಗೊಡಲಿಲ್ಲ. ಇನ್ನೊಂದು ಸಲ ಹಾಕಲು ನನಗೆ ಕೈ ಬರಲಿಲ್ಲ. ಕೇತಕಿ ಈ ಆಟಕ್ಕೆ ಏನನ್ನು ಪಣ ಕಟ್ಟಿದ್ದಾಳೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಸುಜಾತಾಳೂ ದಾಳ ಮುಟ್ಟಲಿಲ್ಲ.

ಆಗ ಆಯಿ ಎದ್ದು ಕೂತಳು. ಅವಳು ಎಲ್ಲ ಕೇಳುತ್ತಲೇ ಇದ್ದಳು.

“ನಾವ್ಯಾಗ ಇನ್ನೊಬ್ಬಾಕಿ ಮುದಕಿ ಇದ್ಲು ಅಂತ ತಿಳ್ಕೋರಿ. ನಾ ಹಾಕ್ತೀನಿ.”

ಬೇಡ ಎನ್ನುವಷ್ಟರಲ್ಲಿ ದಾಳ ಅವಳ ಅಂಗೈಯಲ್ಲಿತ್ತು. ಪಗಡೆ ಹಾಕುವಂತೆ ಕೈ ಉಜ್ಜಿ ಬಿಟ್ಟಳು. ದಾಳ ಉರುಳಿ ಉರುಳಿ ಹಾಳೆಯ ಅಂಚಿಗೆ ಹೋಗಿ ನಿಂತಿತು. ಮೂರು.

ಕೇತಕಿಯ ಮುಖ ಬಿಳಚಿಕೊಂಡಿತು. ಆಯಿ ಮಾತ್ರ ಏನೂ ಆಗದವಳಂತೆ ಕೇಳಿದಳು.

“ಮೂರು ಬಿತ್ತು. ಹಂಗಾರ ಸತ್ತ ಹೋದ್ವೇನ ನಾವು?”

“ಇಲ್ಲ,” ಅಂದಳು ಕೇತಕಿ. “ಗಾಯ ಆಗ್ತಾವ. ಹೊಳಿ ನಮ್ಮನ್ನ ದಂಡಿಗೆ ಒಗೀತೈತಿ.”

“ಗಾಯ ಆದ್ರ ಮಾಯ್ತಾವ. ಮರುದಿನಾ ಯಾವುದು ಐತಿ ನಿಮ್ಮ ಪಂಚಾಂಗದಾಗ? ನೋಡ ಹೇಳು.”

ಕೇತಕಿ ಹಾಳೆಯ ಮೇಲೆ ಬಗ್ಗಿದಳು. ಕಾಡಿಗೆ ತುಂಬಿದ ಮನೆಯ ಮೇಲೆ ಬೆರಳಿಟ್ಟು, ಪಕ್ಕದ ಮನೆಗೆ ಸರಿಸಿದಳು. ಸಕ್ಕರಿಗಾಳಿ ತಿಂಗಳು, ಒಲಿಬಿಡುವಿನ ವಾರ. ತಂಗಿ ಓಡುವವಳಲ್ಲವೇ, ಆಗಲೇ ಉಗುರಿನಷ್ಟು ಮೂಡಿದ್ದಳು. ಅದನ್ನು ಓದಿ ಹೇಳುವಾಗ ಅವಳು ಅತ್ತಳು, ಅಷ್ಟು ದಿನದ್ದೂ ಸೇರಿ. ಆಯಿ ಅವಳನ್ನು ಹತ್ತಿರ ಎಳೆದುಕೊಂಡಳು, ಸುಮ್ಮನಾಗು ಅನ್ನಲಿಲ್ಲ. ಅತ್ತು ಮುಗಿದ ಮೇಲೆ, ಹಂಗಾರ ಮರುದಿನದ ಆಟ ಹೂಡು ಎಂದಳು. ನಾವು ದಂಡೆಯಲ್ಲಿ ಬೆಂಕಿ ಹಾಕಿದೆವು. ಗಾಯಕ್ಕೆ ಅರಿಷಿಣ ಕಲಸಿ ಹಚ್ಚಬೇಕೆಂದು ಆಯಿ ಹೇಳಿದಳು, ಹಚ್ಚಿದೆವು. ಒಲೆ ಹಚ್ಚದ ದಿನವಾದ್ದರಿಂದ ಉಳಿದ ಹೋಳಿಗೆಯನ್ನೇ ಆ ನಾಡಿನಲ್ಲೂ ತಿಂದೆವು, ಈ ನಾಡಿನಲ್ಲೂ.

ಹೊತ್ತು ಇಳಿಯುತ್ತಿರುವಾಗ ತೋಟದ ಬದುವಿನ ಮೇಲೆ ಸೈಕಲ್ಲು ಕಾಣಿಸಿತು. ಖಾಕಿ ಅಂಗಿ ಕ್ಷಣದಲ್ಲಿ ಗುರುತಾಯಿತು. ಸುಜಾತಾ ಓಡಿದಳು, ನಾನು ಓಡಿದೆ. ಕೇತಕಿ ಏಳಲಿಲ್ಲ, ಆಯಿಯ ಸೆರಗು ಹಿಡಿದು ಅಲ್ಲೇ ಕೂತಿದ್ದಳು. ಕಾಂಬಳೆ ಕಾಕಾ ಸೈಕಲ್ಲು ಕೆಳಗೆ ಹಾಕಿ, ಏದುಸಿರು ಬಿಡುತ್ತಲೇ ನೇರ ಅವಳ ಮುಂದೆ ಬಂದು ಕೂತರು. ದೊಡ್ಡವರಿಗೆ ಮೊದಲು ಹೇಳಬೇಕೆನ್ನುವುದನ್ನೂ ಮರೆತು ಅವಳಿಗೇ ಹೇಳಿದರು.

“ಆತವ್ವಾ. ಗಡ್ಡಿ ತಗದಾರ. ನಾ ಹೊಂಡು ಮುಂದ ಕಣ್ಣ ತಗದಿದ್ರು. ನನ್ನ ನೋಡಿ, ಕೂಸು ಹೊಲ್ದಾಗ ಉಂಡತೇನು ಅಂತ ಕೇಳ್ಯಾರ.”

ಆಯಿ ಅವರನ್ನು ಉಣ್ಣದೆ ಬಿಡಲಿಲ್ಲ. ಕಂಬಳಿಯ ಮೇಲೆ ಕೂರಿಸಿ, ಬುಟ್ಟಿಯಲ್ಲಿ ಮಿಕ್ಕಿದ್ದನ್ನೆಲ್ಲ ತಾನೇ ಕೈಯಾರೆ ಬಡಿಸಿದಳು. ಮುಂದಿನ ಟ್ರಿಪ್ಪಿಗೆ ಹೊತ್ತಾಯಿತು ಎನ್ನುತ್ತಲೇ ಅವರು ಮೂರು ಕಡುಬು ಉಂಡರು.

ಅತ್ತಿ ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದಳು. ಅಪ್ಪ ಮಣೂಕದ ಕೋಣೆಯಲ್ಲೇ ಅವಳಿಗೆ ಮಂಚ ಹಾಕಿಸಿದ. ಗಾಳಿ ಬೆಳಕು ಚೆನ್ನಾಗಿತ್ತು. ಮಲಗಿದಲ್ಲಿಂದ ಎದುರಿನ ಗೋಡೆಯ ಮೇಲೆ ಹೊಳಿನಾಡಿನ ಕ್ಯಾಲೆಂಡರ್ ಕಾಣುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅವಳು ಮಗಳನ್ನು ಕರೆದು, ಇವತ್ತು ನಿಮ್ಮ ನಾಡಿನಲ್ಲಿ ಯಾವ ತಿಂಗಳು, ಅಕ್ಕ ಎಲ್ಲಿ ಬಂದಳು, ತಂಗಿ ಎಲ್ಲಿ ಹೋದಳು ಎಂದು ಕೇಳುತ್ತಿದ್ದಳು. ಹೊಲಿಗೆ ಜಗ್ಗುತ್ತದೆಂದು ನಗುವಾಗ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಮೊಸಳೆಯ ಮರಾಠಿ ಕೇಳಿದ ದಿನವಂತೂ ದಯವಿಟ್ಟು ನಿಲ್ಲಿಸು ಎಂದು ಕೈ ಮುಗಿದಳು. ಹೊಳೆಯ ದನಿಯನ್ನು ನಾವು ಗೆದ್ದು ತಂದದ್ದು ಅವಳ ಮಂಚದ ಪಕ್ಕದಲ್ಲೇ. ಆ ದನಿ ಹೇಗಿತ್ತು ಎಂದು ಹೇಳಲು ಕೇತಕಿ ತಾಯಿಯನ್ನೇ ಕೇಳಿದಳು. ಅತ್ತಿ ಕಣ್ಣು ಮುಚ್ಚಿ, ತಾನು ಸಣ್ಣವಳಿದ್ದಾಗ ಯಡೂರಿಗೆ ದೇವರಿಗೆ ಹೋದಾಗ ಕೇಳಿದ ಕೃಷ್ಣೆಯ ಸಪ್ಪಳವನ್ನು ಬಾಯಲ್ಲಿ ಮಾಡಿ ತೋರಿಸಿದಳು. ದ್ರಾಕ್ಷಿ ಹಣ್ಣಾಗಿ, ಮೊದಲ ಪೆಟ್ಟಿಗೆ ತುಂಬಿದ ವಾರ ತಾಯಿ ಮಗಳು ನಿಪ್ಪಾಣಿಗೆ ಹೋದರು.

ಅದರ ಮುಂದಿನ ಬೇಸಿಗೆಯಲ್ಲಿ ಕೇತಕಿ ಬಂದಾಗ ಹತ್ತನೆಯ ಇಯತ್ತೆಯ ಪುಸ್ತಕಗಳನ್ನೂ ತಂದಿದ್ದಳು. ಒಂದೆರಡು ಸಲ ಆಡಿದೆವು. ಆಮೇಲೆ ಕಾಂಬಳೆ ಕಾಕಾರಿಗೆ ಚಿಕ್ಕೋಡಿ ಕಡೆ ವರ್ಗವಾಯಿತು. ಜಗಳವಿಲ್ಲ, ಮುನಿಸಿಲ್ಲ, ಆಟ ಹಾಗೇ ನಿಂತುಹೋಯಿತು.

ಈಗ ನಾನು ಅಥಣಿಯಲ್ಲಿದ್ದೇನೆ. ಸುಜಾತಾ ರಾಯಬಾಗದ ಆಸ್ಪತ್ರೆಯಲ್ಲಿ ನರ್ಸು. ಕೇತಕಿ ನಿಪ್ಪಾಣಿಯ ಶಾಲೆಯಲ್ಲಿ ಗಣಿತ ಹೇಳುತ್ತಾಳೆ. ಅತ್ತಿ ಗಟ್ಟಿಯಾಗಿದ್ದಾಳೆ, ಗಂಡನಿಗೂ ಮಗಳಿಗೂ ಸಮವಾಗಿ ಬೈಯುತ್ತಾಳೆ. ಆಯಿ ಹೋಗಿ ಬಹಳ ವರ್ಷವಾಯಿತು. ಮಣೂಕದ ಕೋಣೆಯನ್ನು ಕೆಡವಿ ಕಾರು ನಿಲ್ಲಿಸಲು ಜಾಗ ಮಾಡಿದ್ದಾರೆ. ನಮ್ಮ ಕ್ಯಾಲೆಂಡರಿನ ಹಾಳೆ ಆಗಲೇ ಎಲ್ಲೋ ಹೋಯಿತು, ಹುಡುಕಬೇಕೆಂದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ನನ್ನ ಮಗಳ ದಿನಗಳೆಲ್ಲ ಫೋನಿನಲ್ಲಿ ಮೊದಲೇ ತುಂಬಿ ಬರುತ್ತವೆ. ಪರೀಕ್ಷೆ, ಕ್ಲಾಸು, ಯಾರದೋ ಹುಟ್ಟುಹಬ್ಬ. ದಿನಕ್ಕೊಂದು ಹೆಸರನ್ನು ತಾನೇ ಇಡಬಹುದು ಎಂದು ಅವಳಿಗೆ ಹೇಳಿದರೆ ನನ್ನ ಮುಖ ನೋಡುತ್ತಾಳೆ.

ಹೋದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ನಾವು ಮೂವರೂ ಫೋನಿನಲ್ಲಿ ಒಟ್ಟಿಗೆ ಸಿಕ್ಕೆವು. ಮಗಳಿಗೆ ಹೇಳಲೆಂದು ನಾನು ತಿಂಗಳ ಹೆಸರು ಕೇಳಿದೆ. ಸುಜಾತಾ ಎಣಿಸಲು ಹಿಡಿದಳು, ಕೇತಕಿ ನಡುನಡುವೆ ತಿದ್ದಿದಳು. ಮೊದಲಹನಿ, ಹೊಳಿಯೇರು, ಇಬ್ಬನಿ, ಸಕ್ಕರಿಗಾಳಿ, ಸೀನು, ಹೀಗೆ ಒಂಬತ್ತು ಸಿಕ್ಕವು. ಇನ್ನೆರಡು ಸಿಗಲಿಲ್ಲ. ಅತ್ತಿಯನ್ನು ಕೇಳಿದೆವು, ಅವಳಿಗೂ ನೆನಪಿರಲಿಲ್ಲ. ಅವು ಮಳೆಯ ತಿಂಗಳೋ ಬಿಸಿಲಿನವೋ, ಹಬ್ಬ ಇದ್ದವೋ ಇಲ್ಲವೋ, ಅದೂ ಯಾರಿಗೂ ಹೊಳೆಯಲಿಲ್ಲ. ಹೊಳಿನಾಡಿನಲ್ಲಿ ಈಗ ವರ್ಷಕ್ಕೆ ಒಂಬತ್ತೇ ತಿಂಗಳು.